ಹುಲ್ಡತ್ತೆಗೆ ಗೇರ್ ಹಾಕಿದ ಕೈ

ಬರ್ಕ್ಲಿ, ಮಿಷಿಗನ್
ಆಗಸ್ಟ್ ೨೧, ೨೦೨೪

ಪ್ರೀತಿಯ ಲೂ,

ನೀನೂ ನಿನ್ನ ಯಜಮಾನ ನಾರ್ಬರ್ಟನೂ ಸೌಖ್ಯವೆಂದುಕೊಳ್ಳುತ್ತೇನೆ. ಇಲ್ಲಿ ನಾನು, ನಿನ್ನ ಅತ್ತಿಗೆ ಮೇವಿಸ್, ಗ್ಯಾರೇಜಿನಲ್ಲಿರುವ ಹುಲ್ಡತ್ತೆ, ಮೂವರೂ ಚೆನ್ನಾಗಿದ್ದೇವೆ. ಬೆಳಗ್ಗೆ ಏಳುವಾಗ ಮೂವರಿಗೂ ಕೆಮ್ಮು ಬರುತ್ತದೆ, ಮೂವರ ಕೀಲುಗಳೂ ಕಿರುಗುಟ್ಟುತ್ತವೆ. ಅಷ್ಟು ಬಿಟ್ಟರೆ ದೂರುವಂಥದ್ದೇನೂ ಇಲ್ಲ.

ಇದು ಜೂನ್‌ನಲ್ಲೇ ಬರೆಯಬೇಕಿದ್ದ ಕಾಗದ. ತಡವಾಯಿತೆಂದು ಬೈದುಕೋ, ಬೈಸಿಕೊಳ್ಳುತ್ತೇನೆ. ಆದರೆ ಅಡುಗೆಮನೆಯ ಮೇಜಿನ ತುಂಬ ಎರಡು ತಿಂಗಳು ಹುಲ್ಡತ್ತೆಯ ಕಾರ್ಬ್ಯುರೇಟರ್ ಬಿಚ್ಚಿ ಹರಡಿಕೊಂಡಿತ್ತು, ಕಾಗದ ಇಡಲು ಅಂಗೈಯಗಲ ಜಾಗವಿರಲಿಲ್ಲ. ಕೊನೆಗೆ ಮೇವಿಸ್ ಸೊಂಟದ ಮೇಲೆ ಕೈಯಿಟ್ಟು, "ನೋಡು ಲೋವೆಲ್, ಈ ಮೇಜಿನ ಮೇಲೆ ಒಂದೋ ಇದಿರ್ಬೇಕು, ಇಲ್ಲಾ ನನ್ನ ಅಡುಗೆ ಇರ್ಬೇಕು. ಯೋಚ್ನೆ ಮಾಡಿ ಹೇಳು" ಎಂದಳು. ನಾನು ನಿಜವಾಗಿಯೂ ಯೋಚನೆ ಮಾಡಿದೆ. ಅದಕ್ಕೆ ಆ ವಾರವೆಲ್ಲ ಡಬ್ಬಿಯ ಸೂಪೇ ಗತಿಯಾಯಿತು.

ಇನ್ನೊಂದು ಕಾರಣವೂ ಇದೆ. ಫೋನಿನಲ್ಲೇ ಮಾತಾಡೋಣವೆಂದು ಕಾಯುತ್ತಿದ್ದೆ, ನೀನು ಎತ್ತಲಿಲ್ಲ. ನಾರ್ಬರ್ಟ್ ಎಲ್ಲ ಹೇಳಿದ್ದಾನೆ, ಅವನ ಮೇಲೆ ಸಿಟ್ಟಾಗಬೇಡ. ಮಾರ್ಚ್‌ನಲ್ಲಿ ನೀನು ಚರ್ಚಿನ ಮೆಟ್ಟಿಲ ಮೇಲೆ ಜಾರಿಬಿದ್ದೆ, ಮೂಳೆಯೇನೋ ಕೂಡಿತು, ಆದರೆ ಭುಜದ ನರಕ್ಕೆ ಪೆಟ್ಟಾಗಿ ಎಡಗೈ ಮಲಗಿಬಿಟ್ಟಿತು, ಇನ್ನು ಅದು ಏಳುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ ಅಂದ. ನೀನು ಚರ್ಚಿನಲ್ಲಿ ನುಡಿಸುತ್ತಿದ್ದ ಆರ್ಗನ್ನಿನ ಮುಚ್ಚಳ ಹಾಕಿ, ಆ ಕೀಲಿಕೈಯನ್ನು ಪಾದ್ರಿಯ ಕೈಗೆ ಕೊಟ್ಟು ಬಂದೆಯಂತೆ. ಅವತ್ತಿನಿಂದ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿಲ್ಲವಂತೆ. "ಒಂದು ಕೈ ಹೋಯ್ತು, ಇನ್ನು ನಾನು ಯಾವ ಕೆಲ್ಸಕ್ಕೂ ಬರಲ್ಲ" ಎಂದೆಯಂತೆ.

ಇದನ್ನು ನೀನು ಬೇರೆ ಯಾರಿಗಾದರೂ ಹೇಳಿದ್ದರೆ ಪಾಪ ಅನ್ನುತ್ತಿದ್ದರು. ನನಗೆ ಮಾತ್ರ ಹೇಳಬೇಡ. ಒಂಟಿಕೈಯವರ ಸಂಘಕ್ಕೆ ನಾನು ಹನ್ನೆರಡನೇ ವಯಸ್ಸಿನಿಂದ ಅಧ್ಯಕ್ಷ. ಬಲಗೈಯಲ್ಲಿ ಒಂದು ಹೆಬ್ಬೆರಳು, ಒಂದು ಕಿರುಬೆರಳು ಇಟ್ಟುಕೊಂಡು ಮದುವೆಯಾದೆ, ನಲವತ್ತು ವರ್ಷ ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ ದುಡಿದೆ, ಮೇವಿಸ್ ತುಂಬಿಟ್ಟ ಉಪ್ಪಿನಕಾಯಿ ಬಾಟಲಿಗಳ ಮುಚ್ಚಳ ತೆಗೆದೆ. ಸಂಘದಲ್ಲಿ ಇಷ್ಟು ದಿನ ನಾನೊಬ್ಬನೇ ಇದ್ದೆ. ನೀನು ಸೇರಿದ್ದು ಸಂತೋಷ. ಚಂದಾ ಏನಿಲ್ಲ.

ನಗು ಬರಲಿಲ್ಲವೇ? ಸರಿ, ಹಾಗಾದರೆ ಹುಲ್ಡತ್ತೆಯ ಸಮಾಚಾರ ಹೇಳುತ್ತೇನೆ. ಅದಕ್ಕೆ ನಗದಿದ್ದರೆ ನೀನು ನನ್ನ ತಂಗಿಯೇ ಅಲ್ಲ.

ಆ ನೀಲಿ ಶೆವೆಲ್ ಕಾರಿಗೆ ಹೆಸರಿಟ್ಟವಳು ನೀನು. ಅರವತ್ತೆಂಟರಲ್ಲಿ ನಾನು ಅದನ್ನು ಮನೆಗೆ ತಂದ ಮೊದಲ ಬೆಳಗ್ಗೆಯೇ ಅದು ಕೆಮ್ಮಿ, ಗೊಣಗಿ, ಎದ್ದಮೇಲೆ ಇಡೀ ಬೀದಿಗೆ ತಾನು ಎದ್ದಿದ್ದೇನೆಂದು ಸಾರಿತು. ನೀನು ಅಂಗಳದಲ್ಲಿ ನಿಂತು, "ಅಯ್ಯೋ ಅಣ್ಣಾ, ಇದು ನಮ್ಮ ಹುಲ್ಡತ್ತೆ!" ಎಂದೆ. ಅಪ್ಪನಿಗೆ ತನ್ನ ಅಕ್ಕನನ್ನು ಗೇಲಿ ಮಾಡಿದ್ದಕ್ಕೆ ಸಿಟ್ಟು ಬಂದರೂ, ಎರಡನೇ ಸಲ ಸ್ಟಾರ್ಟ್ ಮಾಡಿದಾಗ ಆತನೂ ಬೆನ್ನು ತಿರುಗಿಸಿ ನಕ್ಕ. ಕುಡಿಯುವುದರಲ್ಲಿಯೂ ಇಬ್ಬರೂ ಒಂದೇ. ಅತ್ತೆ ಕಾಫಿ ಕುಡಿದ ಹಾಗೆ ಈ ಗಾಡಿ ಪೆಟ್ರೋಲ್ ಕುಡಿಯಿತು.

ಈಗ ನಮ್ಮ ಪಕ್ಕದ ಮನೆಯವರು ಕರೆಂಟಿನ ಕಾರು ತಂದಿದ್ದಾರೆ. ಬಂದದ್ದು ಗೊತ್ತಾಗುವುದಿಲ್ಲ, ಹೋದದ್ದು ಗೊತ್ತಾಗುವುದಿಲ್ಲ, ಫ್ರಿಜ್ಜು ಎದ್ದು ವಾಕಿಂಗ್ ಹೊರಟ ಹಾಗಿರುತ್ತದೆ. ಒಳ್ಳೆಯದೇ ಇರಬಹುದು, ನಾನು ಬೇಡವೆನ್ನುವುದಿಲ್ಲ. ಆದರೆ ಹುಲ್ಡತ್ತೆಯ ಎಂಟು ಸಿಲಿಂಡರು ಒಟ್ಟಿಗೆ ಮಾತಿಗೆ ತೊಡಗಿದಾಗ ಸೀಟಿನ ಕೆಳಗಿನಿಂದ ಎದೆಗೂಡಿನವರೆಗೆ ಒಂದು ನಡುಕ ಹತ್ತುತ್ತದಲ್ಲ, ಬಿಸಿ ಎಣ್ಣೆ, ಪೆಟ್ರೋಲು, ಬಿಸಿಲಿಗೆ ಕಾದ ರೆಕ್ಸಿನ್ನು ಸೇರಿದ ಆ ವಾಸನೆ ಬರುತ್ತದಲ್ಲ, ಅದಕ್ಕೆ ನಾನು ಈ ವಯಸ್ಸಿನಲ್ಲಿಯೂ ಸೋಲುತ್ತೇನೆ. ಕೆಲವು ದಿನ ಎಲ್ಲಿಗೂ ಹೋಗದೆ, ಗ್ಯಾರೇಜಿನ ಬಾಗಿಲು ತೆರೆದು, ಸುಮ್ಮನೆ ಸ್ಟಾರ್ಟ್ ಮಾಡಿ ಕೂತಿರುತ್ತೇನೆ. ಮೇವಿಸ್ ಕಿಟಕಿಯಿಂದ ಇಣುಕಿ, "ಅತ್ತೆ ಕ್ಷೇಮಾನಾ?" ಎಂದು ಕೇಳಿ ಹೋಗುತ್ತಾಳೆ.

ಆ ಮೂರು ಬೇಸಿಗೆಗಳು ನೆನಪಿವೆಯೇ ಲೂ? ಶುಕ್ರವಾರ ಸಂಜೆಯಾದರೆ ಸಾಕು, ವುಡ್‌ವರ್ಡ್ ರಸ್ತೆಯ ಉದ್ದಕ್ಕೂ ಗಾಡಿಗಳು. ಒಂದು ಡ್ರೈವ್-ಇನ್ ಹೋಟೆಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಹಿಂದಕ್ಕೆ. ಕೆಂಪು ದೀಪದಲ್ಲಿ ಪಕ್ಕದ ಗಾಡಿಯವನು ಒಮ್ಮೆ ನಮ್ಮ ಕಡೆ ನೋಡಿ ಆಕ್ಸಿಲರೇಟರ್ ಒತ್ತಿದರೆ ಅದೇ ಪಂಥ. ಸೋತವನು ಗೆದ್ದವನಿಗೆ ರೂಟ್ ಬಿಯರ್ ಕೊಡಿಸಬೇಕು, ಹೆಸರಿಗೆ ಬಿಯರ್, ಕುಡಿದರೆ ಸಿಹಿ ಸೋಡಾ.

ನನಗೆ ಹುಚ್ಚೇನೋ ಇತ್ತು, ಆದರೆ ಗೇರ್ ಹಾಕುವ ಕೈ ಇರಲಿಲ್ಲ. ಎರಡು ಬೆರಳಿನಲ್ಲಿ ಕೊಕ್ಕೆ ಹಾಕಿ ಎಳೆದರೆ ಗೇರ್ ಬೀಳುವಷ್ಟರಲ್ಲಿ ಪಂಥ ಮುಗಿದಿರುತ್ತಿತ್ತು. ಮೊದಲ ವಾರ ನಾನು ಕೊಡಿಸಿದ ರೂಟ್ ಬಿಯರಿನಲ್ಲಿ ಒಂದು ಸೈನ್ಯವೇ ಈಜಬಹುದಿತ್ತು. ಎರಡನೇ ವಾರ ನೀನು ಅಮ್ಮನಿಗೆ ಚರ್ಚಿನ ಹಾಡಿನ ಅಭ್ಯಾಸವಿದೆಯೆಂದು ಹೇಳಿ ಬಂದು, ಆ ಉದ್ದ ಸೀಟಿನಲ್ಲಿ ನನ್ನ ಬಲಪಕ್ಕಕ್ಕೆ ಸರಿದು ಕೂತು, ಗೇರಿನ ಹಿಡಿಯ ಮೇಲೆ ಎಡಗೈ ಇಟ್ಟೆ. "ಅಣ್ಣಾ, ನೀನು ಸ್ಟೀರಿಂಗ್ ನೋಡ್ಕೋ, ಕಾಲು ನೋಡ್ಕೋ. ಗೇರು ನಂಗೆ ಬಿಡು" ಎಂದೆ. ಹದಿನಾರು ವರ್ಷದ ಹುಡುಗಿ, ಹಿಡಿಯುವ ರೀತಿ ಮಾತ್ರ ಎಷ್ಟೋ ವರ್ಷದಿಂದ ಹಿಡಿದವರ ಹಾಗಿತ್ತು.

"ಯಾವಾಗ ಹಾಕ್ಬೇಕು ಅಂತ ನಾನು ಹೇಳ್ತೀನಿ. 'ಈಗ' ಅಂದ ತಕ್ಷಣ ಎಳಿ" ಎಂದೆ ನಾನು.

ನಿನ್ನ ಮುಖ ಸಣ್ಣದಾಯಿತು. "ಬೇಡ. ಆ ಮಾತು ಹೇಳ್ಬೇಡ. ಹೇಳಿದ್ರೆ ಇಳಿದು ಹೋಗ್ತೀನಿ. ನಂಗೆ ಎಂಜಿನ್ನೇ ಹೇಳತ್ತೆ" ಎಂದೆ.

ಹೇಳಿತು ಕೂಡ. ಬೇರೆ ಹುಡುಗರ ಪಕ್ಕದಲ್ಲಿಯೂ ಗೆಳತಿಯರು ಕೂತು ಆಟಕ್ಕೆಂದು ಗೇರ್ ಹಾಕುತ್ತಿದ್ದರು. ಹುಡುಗ ಹೇಳಿ, ಹುಡುಗಿ ಕೇಳಿ, ಕೈ ಓಡಿಸುವಷ್ಟರಲ್ಲಿ ಅರ್ಧ ಬೀದಿ ಕಳೆದಿರುತ್ತಿತ್ತು. ನೀನು ಕಣ್ಣು ಮುಚ್ಚಿ ಎಂಜಿನ್ನಿನ ಸ್ವರ ಕೇಳುತ್ತಿದ್ದೆ. ನನ್ನ ಕಾಲು ಕ್ಲಚ್ಚಿಗೆ ಹೋಗುವುದಕ್ಕೂ ನಿನ್ನ ಕೈ ಚಲಿಸುವುದಕ್ಕೂ ನಡುವೆ ಒಂದು ಕೂದಲೂ ತೂರುತ್ತಿರಲಿಲ್ಲ. ಆ ಮೂರು ಬೇಸಿಗೆಗಳಲ್ಲಿ ನಾನು ನಿನಗೆ ಒಂದು ಮಾತೂ ಹೇಳಲಿಲ್ಲ, ನೀನು ಒಂದು ಸಲವೂ ತಪ್ಪಲಿಲ್ಲ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದವಳೂ ನೀನೇ. "ಹುಡುಗಿ ಗೇರ್ ಹಾಕ್ತಾಳೆ ಅಂತ ಗೊತ್ತಾದ್ರೆ ಯಾರೂ ನಮ್ಮ ಜೊತೆ ಪಂಥಕ್ಕೆ ಬರಲ್ಲ ಅಣ್ಣಾ. ಬಂದು ಸೋತ್ರೆ ಮುಖ ಎಲ್ಲಿಟ್ಕೊಳ್ತಾರೆ?" ಎಂದೆ.

ಅದಕ್ಕೇ ನಾನು ಡ್ರೈವ್-ಇನ್ ಹೋಟೆಲಿನಲ್ಲಿ ಇಳಿದಾಗಲೆಲ್ಲ ಬಲಗೈಯನ್ನು ಜಾಕೆಟ್ಟಿನ ಜೇಬಿನಲ್ಲಿ ಇಟ್ಟಿರುತ್ತಿದ್ದೆ. ಅದೊಂದು ಠೀವಿಯೆಂದು ತಿಳಿದು ಎರಡು ವಾರದಲ್ಲಿ ವುಡ್‌ವರ್ಡಿನ ಅರ್ಧ ಹುಡುಗರು ಬಲಗೈ ಜೇಬಿನಲ್ಲಿಟ್ಟುಕೊಂಡು ಎಡಗೈಯಲ್ಲಿ ಹಾಟ್‌ಡಾಗ್ ತಿಂದು ಅಂಗಿಯ ತುಂಬ ಸಾಸಿವೆ ಸಾಸ್ ಸುರಿದುಕೊಳ್ಳತೊಡಗಿದರು. ನೀನು ಗಾಡಿಯೊಳಗೆ ಬಗ್ಗಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೆ ಇನ್ನೂ ಕೇಳಿಸುತ್ತದೆ.

ಇನ್ನು ನಿನ್ನ ವಿಚಿತ್ರಗಳೂ ಕಡಿಮೆಯಿರಲಿಲ್ಲ. ಗಾಡಿ ಸ್ಟಾರ್ಟ್ ಮಾಡುವಾಗ ಮಾತ್ರ ನೀನು ದೂರದಲ್ಲಿ, ಬೇಲಿಯ ಹತ್ತಿರ ನಿಂತಿರುತ್ತಿದ್ದೆ, ಎಂಜಿನ್ ಹಿಡಿದ ಮೇಲೆ ಓಡಿ ಬಂದು ಹತ್ತುತ್ತಿದ್ದೆ. ಕೀ ಎಸೆದರೆ ಹಿಡಿಯುತ್ತಿರಲಿಲ್ಲ, ಅದು ನೆಲಕ್ಕೆ ಬೀಳಬೇಕು. ಎಪ್ಪತ್ತೆರಡು ತುಂಬಿದರೂ ಲೈಸೆನ್ಸ್ ಇಲ್ಲ. ಕಾರು ಹುಟ್ಟಿದ ಊರಲ್ಲೇ ಹುಟ್ಟಿ, ಒರೆಗಾನ್‌ಗೆ ಮದುವೆಯಾಗಿ ಹೋಗಿ, ಐವತ್ತು ವರ್ಷ ಬಸ್ಸಿನಲ್ಲಿ ಓಡಾಡಿದವಳು ನೀನೊಬ್ಬಳೇ ಇರಬೇಕು. ನೀನು ಹೋದ ಮೇಲೆ ನಾನು ಹುಲ್ಡತ್ತೆಯನ್ನು ಭಾನುವಾರಗಳಲ್ಲಿ ಎರಡು ಬೆರಳಿನಿಂದ ಮೆಲ್ಲಗೆ ಸುತ್ತಾಡಿಸಿದೆ. ಈಚೆಗೆ ಆ ಎರಡಕ್ಕೂ ಸಂಧಿವಾತ. ಮೇವಿಸ್‌ಗೆ ಹೇಳಿಕೊಡಲು ನೋಡಿದೆ. ಗೇರು ಕರಕರ ಎಂದು ಕಿರುಚಿಕೊಂಡಿತು, ಅವಳು ಇಳಿದು ಬಾಗಿಲು ಹಾಕಿ, "ನಿಮ್ಮತ್ತೆಗೂ ನಂಗೂ ಆಗ್ಬರಲ್ಲ" ಎಂದು ಒಳಗೆ ಹೋದಳು.

ಹೀಗಿರುವಾಗ ಕಳೆದ ಶನಿವಾರ ಬಂತು. ಆಗಸ್ಟಿನ ಆ ಶನಿವಾರ ವುಡ್‌ವರ್ಡಿನಲ್ಲಿ ಹಳೆಯ ಗಾಡಿಗಳ ಮೆರವಣಿಗೆಯೆಂದು ನಿನಗೆ ಗೊತ್ತೇ ಇದೆ. ಓಡಿಸಲಾಗದಿದ್ದರೂ ತೋರಿಸಬಹುದಲ್ಲ ಎಂದು ಬೆಳ್ಳಂಬೆಳಗ್ಗೆ, ರಸ್ತೆ ಖಾಲಿಯಿರುವಾಗಲೇ, ಮೊದಲನೇ ಗೇರಿನಲ್ಲೇ ತೆವಳಿಕೊಂಡು ಹೋಗಿ ಬ್ಯಾಂಕಿನ ಮುಂದೆ ನಿಲ್ಲಿಸಿದೆ. ಬಾನೆಟ್ ತೆರೆದು, ಮಡಚುವ ಕುರ್ಚಿ ಹಾಕಿ, ಮೇವಿಸ್ ಕೊಟ್ಟ ಸ್ಯಾಂಡ್‌ವಿಚ್ ಬಿಚ್ಚಿ ಕೂತೆ.

ಹನ್ನೊಂದು ಗಂಟೆಯ ಹೊತ್ತಿಗೆ ಕೋಲು ಊರಿಕೊಂಡು ಒಬ್ಬ ಮುದುಕ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಹಿಂದಿನ ಬಂಪರಿನ ಎಡತುದಿಯ ತಗ್ಗು ಸವರಿ ನೋಡಿ ನನ್ನ ಮುಂದೆ ಬಂದು ನಿಂತ.

"ಅರವತ್ತೊಂಬತ್ತನೇ ಇಸ್ವಿ. ಕೆಂಪು ಮಸ್ಟಾಂಗ್ ಕಾರು. ನೆನಪಾಯ್ತೇನೋ, ಕಳ್ಳ?" ಎಂದ.

ಕ್ಯಾಸ್ ವೊಯ್ಚಿಕ್! ನಮ್ಮ ಜೊತೆ ಹೆಚ್ಚು ಸಲ ಸೋತ ಹ್ಯಾಮ್‌ಟ್ರಾಮಿಕ್ಕಿನ ಪೋಲಿಷ್ ಹುಡುಗ, ಸೋತ ಪ್ರತಿ ಸಲವೂ ನಿನಗೆ ಕಣ್ಣು ಹೊಡೆಯುತ್ತಿದ್ದನಲ್ಲ, ಅವನೇ. ತಲೆಯಲ್ಲಿ ಒಂದು ಕೂದಲಿಲ್ಲ, ಎಡಕಿವಿ ಕೇಳುವುದಿಲ್ಲ, ಬಾಯಿ ಮಾತ್ರ ಹಾಗೇ ಇದೆ. ಸುತ್ತಲಿದ್ದವರನ್ನೆಲ್ಲ ಕರೆದು, "ಬನ್ರೋ, ನೋಡ್ರೋ! ವುಡ್‌ವರ್ಡಿನಲ್ಲಿ ಇವನ ಬಲಗೈಯಂಥ ಬಲಗೈ ಇನ್ನೊಂದಿರ್ಲಿಲ್ಲ. ಗೇರ್ ಹಾಕಿದ್ದು ಕಣ್ಣಿಗೇ ಕಾಣ್ತಿರ್ಲಿಲ್ಲ. ಐವತ್ತು ವರ್ಷದಿಂದ ಈ ಕೈಯನ್ನ ಒಂದ್ಸಲ ಕುಲುಕ್ಬೇಕು ಅಂತ ಆಸೆ. ಕೊಡೋ ಕೈ!" ಎಂದು ತನ್ನ ಕೈ ಚಾಚಿದ.

ಜೇಬಿನಿಂದ ಕೈ ತೆಗೆದು ಕೊಟ್ಟೆ. ಇನ್ನೇನು ಮಾಡಲಿ?

ಅವನು ಕುಲುಕಿದ. ಏನೋ ಕಡಿಮೆಯಿದೆ ಅನ್ನಿಸಿ ಕೆಳಗೆ ನೋಡಿದ. ನನ್ನ ಹೆಬ್ಬೆರಳು ಕಿರುಬೆರಳು ಅವನ ಅಂಗೈಯಲ್ಲಿ ಏಡಿಯ ಹಾಗೆ ಕೂತಿದ್ದವು.

"ಇದ್ಯಾವಾಗ ಆಯ್ತು?"

"ಹನ್ನೆರಡನೇ ವಯಸ್ಸಲ್ಲಿ. ಅಪ್ಪನ ಟ್ರಕ್ಕಿನ ಫ್ಯಾನು."

ಕ್ಯಾಸ್ ಲೆಕ್ಕ ಹಾಕುತ್ತಿರುವುದು ಮುಖದಲ್ಲೇ ಕಂಡಿತು. "ಹಾಗಾದ್ರೆ... ಗೇರ್ ಹಾಕ್ತಿದ್ದೋರು ಯಾರು?"

"ಪಕ್ಕದಲ್ಲಿ ಒಂದು ಹುಡುಗಿ ಇರ್ತಿದ್ಳಲ್ಲ."

"ಆ ಹುಡುಗಿನಾ? ಅದು ರೇಡಿಯೊ ತಿರುಗಿಸ್ತಾ ಕೂತಿರ್ತಿತ್ತು!"

"ರೇಡಿಯೊ ಕೆಟ್ಟಿತ್ತು ಕ್ಯಾಸ್. ಅವಳು ನನ್ನ ತಂಗಿ."

ಆಣೆ ಮುರಿದೆ, ಕ್ಷಮಿಸು. ಇನ್ನು ನಮ್ಮ ಜೊತೆ ಪಂಥಕ್ಕೆ ಯಾರೂ ಬರುವುದಿಲ್ಲ ಎಂಬ ಹೆದರಿಕೆ ನನಗಿಲ್ಲ. ಕ್ಯಾಸ್ ನನ್ನ ಕುರ್ಚಿಯಲ್ಲೇ ಕುಸಿದು ಕೂತ. ಸಿಟ್ಟಾದನೇ ಅಂದುಕೊಂಡೆ. ಆಮೇಲೆ ಹೆಗಲು ಕುಣಿಯತೊಡಗಿತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಒಂದು ಹುಡುಗಿಯ ಎಡಗೈಗೆ! ನಾನು ಕಣ್ಣು ಹೊಡೀತಿದ್ದೆ, ಅದು ನನ್ನ ಹೊಡೆದು ಹಾಕ್ತಿತ್ತು! ಎಲ್ಲೋ ಅವಳು? ಕರಿ, ಅವಳ ಕೈ ಕುಲುಕ್ಬೇಕು ನಾನು" ಎಂದ.

ನಿನ್ನ ಕೈಯ ವಿಷಯ ಹೇಳಿದೆ. ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ನನ್ನ ಸ್ಯಾಂಡ್‌ವಿಚ್ಚಿನ ಅರ್ಧ ಅವನೇ ತಿಂದ.

ಆಮೇಲೆ ಎದ್ದು, "ಏಳು. ಗಾಡಿ ಮೆರವಣಿಗೆಗೆ ಬಂದು ಮೂಲೇಲಿ ನಿಲ್ಲೋದಾ? ನಾನು ಹಾಕ್ತೀನಿ ಗೇರು" ಎಂದ.

ಆ ದೃಶ್ಯವನ್ನು ನೀನು ನೋಡಬೇಕಿತ್ತು. ಕ್ಯಾಸ್ ವೊಯ್ಚಿಕ್, ಎಂಬತ್ತರ ಹತ್ತಿರದ ಮುದುಕ, ನಡುವಿನ ಸೀಟಿಗೆ ಸರಿದು ನನಗೆ ಒತ್ತಿಕೊಂಡು ಹೊಸ ಗೆಳತಿಯ ಹಾಗೆ ಕೂತ. ರಸ್ತೆಯ ಎರಡೂ ಬದಿ ಕುರ್ಚಿ ಹಾಕಿಕೊಂಡು ಕೂತಿದ್ದ ಜನ ಶಿಳ್ಳೆ ಹೊಡೆದರು. ಒಬ್ಬಳು ಅಜ್ಜಿ, "ಮದ್ವೆ ಯಾವಾಗ?" ಎಂದು ಕೂಗಿದಳು. ಕ್ಯಾಸ್ ನನ್ನ ಹೆಗಲ ಮೇಲೆ ತಲೆಯಿಟ್ಟು ಕೈಬೀಸಿದ.

ಅವನ ಕೆಟ್ಟ ಕಿವಿ ನನ್ನ ಕಡೆಗಿತ್ತು. ಎಂಜಿನ್ನಿನ ಸ್ವರ ಅವನಿಗೆ ಸಿಗುವುದೇ ಇಲ್ಲ. "ನೀನೇ ಹೇಳು, 'ಈಗ' ಅನ್ನು, ಎಳೀತೀನಿ" ಎಂದ.

"ಆ ಮಾತನ್ನ ಈ ಗಾಡೀಲಿ ಹೇಳೋ ಹಾಗಿಲ್ಲ."

"ಯಾಕೋ?"

"ತಂಗಿಯ ಅಪ್ಪಣೆ."

"ಮತ್ತೇನಂತೀಯ?"

ಹಸಿವಾಗಿತ್ತೋ ಏನೋ, ಬಾಯಿಗೆ ಬಂದದ್ದು "ಪ್ಯಾನ್‌ಕೇಕ್". ಹಾಗೆ ಇಡೀ ಮಧ್ಯಾಹ್ನ ನಾನು ವುಡ್‌ವರ್ಡಿನಲ್ಲಿ ಗಂಟಲು ಹರಿಯುವಂತೆ ಪ್ಯಾನ್‌ಕೇಕ್ ಪ್ಯಾನ್‌ಕೇಕ್ ಎಂದು ಅರಚಿದೆ. ಹುಲ್ಡತ್ತೆ ಒಮ್ಮೆ ಮುಗ್ಗರಿಸಿದಳು, ಒಮ್ಮೆ ಮೂರನೆಯದರ ಬದಲು ಮೊದಲನೆಯದು ಬಿದ್ದು ಇಬ್ಬರ ಟೋಪಿಯೂ ಗಾಜಿಗೆ ಹೋಗಿ ಬಡಿಯಿತು. ಗಾಡಿಗಳ ಸಂದಣಿಯಲ್ಲಿ ವೇಗವೆಲ್ಲಿಂದ ಬರಬೇಕು, ಆಮೆ ನಮ್ಮನ್ನು ಹಿಂದೆ ಹಾಕುತ್ತಿತ್ತು. ಆದರೂ ನನಗೆ ಇಪ್ಪತ್ತು ವರ್ಷವಾಗಿತ್ತು, ಲೂ. ಬಲಪಕ್ಕದಲ್ಲಿ ಒಬ್ಬರು ಗೇರಿನ ಮೇಲೆ ಕೈಯಿಟ್ಟು ಕೂತಿದ್ದಾರೆ, ಎಡಗೈಯಲ್ಲಿ ಸ್ಟೀರಿಂಗಿದೆ, ಮುಂದೆ ಹಸಿರು ದೀಪವಿದೆ. ಇದಕ್ಕಿಂತ ಹೆಚ್ಚಿನದನ್ನು ನಾನು ಎಂದೂ ಬಯಸಿದವನಲ್ಲ. ಒಂದೇ ಕೊರತೆಯೆಂದರೆ ಪಕ್ಕದಲ್ಲಿದ್ದವನು ಕ್ಯಾಸ್.

ಸಂಜೆ ಮನೆಗೆ ಹೊರಟಾಗ ಅವನು ಇದ್ದಕ್ಕಿದ್ದಂತೆ, "ನಿನ್ನ ತಂಗಿಗೆ ಬಲಗೈ ನೆಟ್ಟಗಿದೆಯಲ್ಲ?" ಎಂದ.

"ಇದೆ."

"ನಿಂಗೆ ಎಡಗೈ ನೆಟ್ಟಗಿದೆ. ಮತ್ತೇನೋ ದಡ್ಡ, ಸೀಟು ಬದಲಾಯ್ಸಿ! ಅವಳು ಡ್ರೈವರ್ ಸೀಟಲ್ಲಿ ಕೂರ್ಲಿ, ಕಾಲೂ ಅವಳ್ದೇ, ಗೇರೂ ಅವಳ ಬಲಗೈಲೇ. ನೀನು ನಡುವೆ ಕೂತು ಎಡಗೈಲಿ ಸ್ಟೀರಿಂಗ್ ಹಿಡಿ."

ನಾನು ಗಾಡಿಯನ್ನು ಅಲ್ಲೇ ನಿಲ್ಲಿಸಿದೆ. ಹಿಂದಿನವನು ಹಾರ್ನ್ ಹೊಡೆದ. ಈ ಯೋಚನೆ ನನ್ನ ತಲೆಗೆ ಬರದೆ ಮಸ್ಟಾಂಗಿನವನ ತಲೆಗೆ ಬಂತೆಂದು ನಾಚಿಕೆಯಾಯಿತು.

ಪರೀಕ್ಷೆ ಮಾಡದೆ ನಿನಗೆ ಬರೆಯಬಾರದೆಂದು ನಿನ್ನೆ ಹಳೆಯ ಶಾಪಿಂಗ್ ಮಾಲ್‌ಗೆ ಹೋಗಿದ್ದೆವು. ಮುಚ್ಚಿ ಎಷ್ಟೋ ವರ್ಷವಾಯಿತು, ಅಂಗಡಿಗಳಿಗೆ ಹಲಗೆ ಹೊಡೆದಿದ್ದಾರೆ, ಮುಂದಿನ ಪಾರ್ಕಿಂಗ್ ಮೈದಾನದಲ್ಲಿ ಹುಲ್ಲು ಬಿಟ್ಟರೆ ಯಾರೂ ಇಲ್ಲ. ಕ್ಯಾಸ್ ಎಡಗೈಯನ್ನು ಬೆಲ್ಟಿನೊಳಗೆ ಸಿಕ್ಕಿಸಿ ನಿನ್ನ ಪಾತ್ರ ಮಾಡಿದ, ಮೇವಿಸ್‌ಳ ಸ್ಕಾರ್ಫ್ ಕೂಡ ಕಟ್ಟಿಕೊಂಡಿದ್ದ. ನಾನು ನಡುವೆ ಕೂತು ಎಡಗೈ ಚಾಚಿ ಸ್ಟೀರಿಂಗ್ ಹಿಡಿದೆ. ಮೊದಲ ಸುತ್ತಿನಲ್ಲಿ ಎಲ್ಲಿಂದಲೋ ಬಂದು ನಿಂತಿದ್ದ ಒಂದು ತಳ್ಳುಗಾಡಿಯನ್ನು ಉರುಳಿಸಿದೆವು. ಎರಡನೆಯದರಲ್ಲಿ ದೀಪದ ಕಂಬ ನಮ್ಮನ್ನು ಕ್ಷಮಿಸಿತು. ಮೂರನೆಯದರಲ್ಲಿ ಹುಲ್ಡತ್ತೆ ನೆಟ್ಟಗೆ, ತಕರಾರಿಲ್ಲದೆ, ಮೈದಾನದ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂದಳು. ಅಂಚಿನಲ್ಲಿ ನಿಂತಿದ್ದ ಮೇವಿಸ್ ಚಪ್ಪಾಳೆ ತಟ್ಟಿ, "ಇಬ್ರನ್ನೂ ಒಟ್ಟಿಗೇ ಜೈಲಿಗೆ ಹಾಕ್ತಾರೆ, ಒಳ್ಳೇದಾಯ್ತು" ಎಂದಳು. ರಸ್ತೆಗೆ ಇಳಿಯುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಮೈದಾನ ಸಾಕು, ಅದು ದೊಡ್ಡದಿದೆ.

ಆದ್ದರಿಂದ ಕೇಳು. ನವೆಂಬರಿನಲ್ಲಿ ಹಿಮ ಬೀಳುತ್ತದೆ, ಅದು ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ತಾಗಿದರೆ ಹುಲ್ಡತ್ತೆ ತುಕ್ಕಾಗುತ್ತಾಳೆ. ಅಷ್ಟರೊಳಗೆ ನೀನು ಬರಬೇಕು. ನಾರ್ಬರ್ಟ್ ಟಿಕೆಟ್ಟಿನ ವ್ಯವಸ್ಥೆ ಮಾಡುತ್ತೇನೆಂದಿದ್ದಾನೆ. ಮೇವಿಸ್ ಮೇಲಿನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿಯುತ್ತಿದ್ದಾಳೆ. ಕುರ್ಚಿಯಲ್ಲೇ ಕೂರಬೇಕೆಂದಿದ್ದರೆ ಇಲ್ಲಿ ಬಂದು ಕೂರು, ನನ್ನ ಕುರ್ಚಿಗೆ ಎಂಟು ಸಿಲಿಂಡರಿದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಬಲಗೈಗೆ ಬಲ ಬರಲಿ, ಎಡಗೈಗೆ ನೆಮ್ಮದಿ ಸಿಗಲಿ, ಅದು ಬೇಕಾದಷ್ಟು ದುಡಿದಿದೆ. ನಾರ್ಬರ್ಟ್‌ಗೆ ನನ್ನ ನೆನಪು ಹೇಳು. ಇಲ್ಲಿಂದ ಮೇವಿಸ್‌ಳ ಮುತ್ತುಗಳು, ಕ್ಯಾಸ್‌ನ ಒಂದು ಕಣ್ಣೇಟು.

ಎಂದೆಂದೂ ನಿನ್ನ,
ಲೋವೆಲ್ ಅಣ್ಣ

ತಾ.ಕ. ಲಕೋಟೆ ಅಂಟಿಸುವ ಮೊದಲು ಮೇವಿಸ್ ಓದಿದಳು. "ಎಲ್ಲಾ ಬರ್ದಿದೀಯ, ಬರೀಬೇಕಾದ್ದೊಂದು ಬಿಟ್ಟು. ಅವಳು ಆ ಸೀಟಲ್ಲಿ ಕೂರಲ್ಲ, ನಿಂಗೆ ಗೊತ್ತು" ಎಂದಳು. ಗೊತ್ತು. ಅದಕ್ಕೆ ಇನ್ನೊಂದು ಹಾಳೆ ತೆಗೆದುಕೊಂಡಿದ್ದೇನೆ.

ಅಪ್ಪನ ಟ್ರಕ್ಕಿನ ವಿಷಯ ನಾವಿಬ್ಬರೂ ಇದುವರೆಗೆ ಒಮ್ಮೆಯೂ ಎತ್ತಿಲ್ಲ. ನಾನು ಬಾನೆಟ್ಟಿನೊಳಗೆ ಬಗ್ಗಿ ಫ್ಯಾನಿನ ಬೆಲ್ಟ್ ಕೂರಿಸುತ್ತಿದ್ದೆ. ಎಂಟು ವರ್ಷದ ನೀನು ಡ್ರೈವರ್ ಸೀಟಿನ ತುದಿಯಲ್ಲಿ ಕಾಲು ಇಳಿಬಿಟ್ಟು, ಕೀ ಹಿಡಿದು ಕೂತಿದ್ದೆ. "ನಾನು 'ಈಗ' ಅಂದಾಗ ತಿರುಗಿಸು" ಎಂದು ನಾನೇ ಹೇಳಿದ್ದೆ. ನೀನು ಕೀ ತಿರುಗಿಸಿದಾಗ ನನ್ನ ಕೈ ಇನ್ನೂ ಒಳಗೇ ಇತ್ತು. ಆಮೇಲೆ ಅಪ್ಪ ನಿನ್ನನ್ನು ಎತ್ತಿಕೊಂಡು, "ಅವನು 'ಈಗ ಬೇಡ' ಅಂದಿರ್ತಾನೆ ಮಗು, ನಿಂಗೆ ಅರ್ಧ ಮಾತ್ರ ಕೇಳಿಸ್ತು, ನಿಂದೇನೂ ತಪ್ಪಿಲ್ಲ" ಎಂದು ಸಮಾಧಾನ ಮಾಡಿದನಂತೆ. ಸಮಾಧಾನಕ್ಕೆಂದು ಹೇಳಿದ ಮಾತು. ನೀನು ಮಾತ್ರ ಅದರಿಂದ "ಅರ್ಧ ಕೇಳಿಸ್ತು" ಎಂಬುದನ್ನೇ ಹಿಡಿದುಕೊಂಡು ಇಷ್ಟು ವರ್ಷ ಹೊತ್ತೆ. ಕೀ ಮುಟ್ಟಲಿಲ್ಲ, ಆ ಸೀಟಿನಲ್ಲಿ ಕೂರಲಿಲ್ಲ, ಆ ಮಾತನ್ನು ಗಾಡಿಯಿಂದ ಹೊರಗೆ ಹಾಕಿದೆ. ನನಗೆ ಎಲ್ಲ ಗೊತ್ತಿತ್ತು. ಗೊತ್ತಿದೆಯೆಂದು ಹೇಳಿದರೆ ನಿನಗೆ ನೋವಾಗುತ್ತದೆಂದು ನಾನೂ ಬಾಯಿ ಬಿಡಲಿಲ್ಲ.

ಆ ಗಳಿಗೆಯಲ್ಲಿ ನಾನೇನು ಹೇಳಿದೆನೋ ನನಗೆ ನಿಜಕ್ಕೂ ನೆನಪಿಲ್ಲ. ಆದರೆ ಶನಿವಾರ ಕ್ಯಾಸ್ ಒಂದೊಂದೇ ಗೇರ್ ತಪ್ಪಿಸುತ್ತಿದ್ದಾಗ ನನಗೊಂದು ಹೊಳೆಯಿತು. ಏಳು ವರ್ಷಕ್ಕೇ ಚರ್ಚಿನ ಗಂಟೆಯ ಸ್ವರ ಇಳಿದಿದೆಯೆಂದು ದೊಡ್ಡವರಿಗೆ ಹೇಳಿದವಳು ನೀನು. ಮೂರು ಬೇಸಿಗೆಗಳಲ್ಲಿ ಎಂಜಿನ್ ಹೇಳಿದ್ದು ನಿನಗೆ ಒಮ್ಮೆಯೂ ತಪ್ಪಾಗಿ ಕೇಳಿಸಲಿಲ್ಲ. ಐವತ್ತು ವರ್ಷ ಆರ್ಗನ್ ನುಡಿಸಿದೆ. ಅಂಥ ಕಿವಿ ಆ ಒಂದು ದಿನ ಮಾತ್ರ ಅರ್ಧ ಕೇಳಿತೇ? ಇಲ್ಲ, ಲೂ. ನಿನಗೆ ಕೇಳಿಸಿದ್ದೇ ನಾನು ಹೇಳಿದ್ದು. ನಾನು "ಈಗ" ಅಂದೆ, ನೀನು ತಿರುಗಿಸಿದೆ. ಅಪ್ಪನ ಸಮಾಧಾನವನ್ನು ಇವತ್ತು ಅಪ್ಪನ ಜೊತೆಗೇ ಮಣ್ಣು ಮಾಡಿಬಿಡು.

ಬಾನೆಟ್ ಮುಚ್ಚಿರುತ್ತದೆ, ಬೇಕಿದ್ದರೆ ಅದರ ಮೇಲೆ ಕ್ಯಾಸ್‌ನನ್ನು ಕೂರಿಸುತ್ತೇನೆ. ನನ್ನ ಎಡಗೈ ಸ್ಟೀರಿಂಗಿನ ಮೇಲೆ, ನಿನ್ನ ಕಣ್ಣ ಮುಂದೆಯೇ ಇರುತ್ತದೆ. ಬಲಗೈ ಜೇಬಿನಲ್ಲಿರುತ್ತದೆ, ಠೀವಿಗೆ. ಕೀ ನಿನ್ನ ಕೈಯಲ್ಲಿರುತ್ತದೆ. ನಾನು ಒಂದೇ ಒಂದು ಮಾತು ಹೇಳುತ್ತೇನೆ, ಇಲ್ಲಿಂದಲೇ ಹೇಳುತ್ತಿದ್ದೇನೆ, ಆ ಕುರ್ಚಿ ಬಿಟ್ಟು ಏಳು.

ಈಗ.